ಮಸ್ಕತ್ತಿಗೆ ಎಷ್ಟು ತಾಸಿನ ಹೆಪ್ಪು?

ತಿಕೋಟಾ

ತಿಕೋಟಾದ ನಮ್ಮ ಮನೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಹೆಪ್ಪಿನಲ್ಲಿ ಅಳೆಯುತ್ತಾರೆ. ಯಾರಿಗೇ ಮೊಸರುಬುತ್ತಿ ಕಟ್ಟಬೇಕಾದರೂ ನನ್ನ ಹೆಂಡತಿ ನೀಲವ್ವ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟ ತಾಸಿನ ದಾರಿ?" ವಿಜಯಪುರದವರೆಗೆ ಎಂದರೆ ಅನ್ನಕ್ಕೆ ನೇರವಾಗಿ ಮೊಸರನ್ನೇ ಕಲಸುತ್ತಾಳೆ. ಸೊಲ್ಲಾಪುರ ಎಂದರೆ ಅರ್ಧ ಮೊಸರು, ಅರ್ಧ ಹಾಲು. ಅದರಾಚೆ ಹೋಗುವವರಿಗೆ ಆರಿದ ಹಾಲಿನಲ್ಲೇ ಅನ್ನ ಕಲಸಿ, ಒಂದಿಷ್ಟು ಹೆಪ್ಪು ಬಿಟ್ಟು, ಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮುಚ್ಚಳ ಒತ್ತುತ್ತಾಳೆ. ದಾರಿಯುದ್ದಕ್ಕೂ ಹಾಲು ತಾನಾಗಿ ಮೊಸರಾಗುತ್ತ ಹೋಗಿ, ಉಣ್ಣುವವರು ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಈ ಲೆಕ್ಕದಲ್ಲಿ ಅವಳು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವಳಿಗೆ ತಾಸಿನ ಲೆಕ್ಕ ಕೊಡುವವನು ನಾನು. ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಸೀಟಿ ಊದಿ ಊದಿ ನಿವೃತ್ತನಾದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂಬುದರ ಮೇಲೆ ನನ್ನ ಅನ್ನ ನಡೆದದ್ದು. ಹೊತ್ತಿಗೆ ಬೆಲೆ ಕೊಡದವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ದುರ್ದೈವವೆಂದರೆ ಅಂಥವರ ಪೈಕಿ ಮೊದಲನೆಯವಳು ನನ್ನ ಸ್ವಂತ ಅಕ್ಕ, ಮಮದಾಪುರದ ಕಸ್ತೂರವ್ವ. ತನ್ನ ಮಗಳು ಸುವರ್ಣಾ ವಿಜಯಪುರದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅಕ್ಕ ಪ್ರತಿ ರವಿವಾರ ಬುತ್ತಿ ಕಟ್ಟಿಕೊಂಡು ಹೊರಡುವಳು. ನೇರ ಬಸ್ಸಿನಲ್ಲಿ ಸುಮ್ಮನೆ ಕುಳಿತಿದ್ದರೆ ಮುಗಿಯಿತು. ಅದು ಬಿಟ್ಟು ಬಬಲೇಶ್ವರದಲ್ಲಿ ಇಳಿದು, ನನ್ನ ಖೋಲಿಯ ಮುಂದಿನ ಬೆಂಚಿನ ಮೇಲೆ ಕೂಡುವಳು. ನಾನು ಸೀಟಿ ಊದಿ, "ಅಕ್ಕಾ, ಬಸ್ ಹೊಂಟತು, ಏಳ" ಎಂದರೆ, "ಹೋಗಲಿ ಬಿಡೋ ತಮ್ಮಾ, ಮುಂದಿನದಕ್ಕ ಹೋಗ್ತೇನಿ" ಎನ್ನುವಳು. ಮುಂದಿನದಕ್ಕೂ ಅದೇ ಮಾತು. ಇಲಾಖೆಯ ಎದುರು ನನ್ನ ಮಾನ ತೆಗೆಯಲೆಂದೇ ಬರುತ್ತಾಳೆ ಎಂದು ಎಷ್ಟೋ ಸಲ ಜಗಳಾಡಿದ್ದೇನೆ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಸುವರ್ಣಾ ಈಗ ಮಸ್ಕತ್ತಿನಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಗಂಡ ಮಲ್ಲಿಕಾರ್ಜುನ ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಊರಿಗೆ ಕರೆತಂದು ಕುಬುಸ ಮಾಡಿ ಉಡಿ ತುಂಬೋಣವೆಂದರೆ ಅಲ್ಲಿಯ ಡಾಕ್ಟರು, ಇವಳು ವಿಮಾನ ಹತ್ತಕೂಡದು ಎಂದುಬಿಟ್ಟರು. ಅವಳ ಅಪ್ಪ, ಅಂದರೆ ನನ್ನ ಭಾವ, ಕುರಿಗಳನ್ನು ಬಿಟ್ಟು ಒಂದು ದಿನ ಇರುವ ಮನುಷ್ಯನಲ್ಲ. ಹೀಗಾಗಿ ತವರಿನ ಬುತ್ತಿ ಎಂದರೆ ನಾವೇ. ಫೋನಿನಲ್ಲಿ ಹುಡುಗಿ, "ಮಾಮಾ, ಏನ್ ತಿಂದ್ರೂ ಹೊಟ್ಯಾಗ ನಿಂದ್ರವಲ್ದು. ಅವ್ವನ ಮೊಸರಬುತ್ತಿ ಒಂದ ತುತ್ತ ಸಿಕ್ರ ಸಾಕನಸ್ತೈತಿ" ಎಂದಳು.

ಸೊಲ್ಲಾಪುರ ದಾಟಿ ಗೊತ್ತಿಲ್ಲದ ನೀಲವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ನಾ ತರ್ತೇನಿ ಬೇ. ಹುಳಿ ಆಗಲಾರ್ದಂಗ, ಹದಕ್ಕ ಮುಟ್ಟಸ್ತೇನಿ."

ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು: "ಬಸುರಿ ಬುತ್ತಿ ದಾರ್ಯಾಗ ಕೆಡಬಾರದ್ರಿ. ಅಕ್ಕನ ಜಾಗಾದಾಗ ನಿಂತು ಕೊಡಾಕತ್ತೇನಿ. ತಾಸಿನ ಲೆಕ್ಕ ಬರೋಬ್ಬರಿ ಹೇಳ್ರಿ."

ಸ್ಟೇಷನ್ ರಸ್ತೆ

ಲೆಕ್ಕ ತೆಗೆಯಲು ಕುಳಿತೆ. ಮಲ್ಲಿಕಾರ್ಜುನ ಮೊಬೈಲಿಗೆ ಏನೋ ಒಂದು ಪುಟ ಕಳಿಸಿದ್ದ. ಹೈದರಾಬಾದಿನ ವಿಮಾನ ನಿಲ್ದಾಣದಿಂದ ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಮೇಲೆ, ಹಾರಲು ಸುಮಾರು ಮೂರು ತಾಸು ಎಂದು ಅದರಲ್ಲಿತ್ತು. ಟಿಕೆಟ್ ತೆಗೆದು ನೋಡಿದರೆ ಹೊರಡುವುದು ಸಂಜೆ ಐದೂವರೆ, ಮುಟ್ಟುವುದು ಏಳು. ಒಂದೂವರೆ ತಾಸು!

ಎರಡರಲ್ಲಿ ಯಾವುದು ಖರೆ? ಬೇರೆಯವರಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ನಾನು ಕಂಟ್ರೋಲರ್. ಪ್ರಯಾಣಿಕರು ಊಹಿಸುವ ವೇಳೆ ಬೇರೆ, ಇಲಾಖೆ ಅಚ್ಚು ಹಾಕಿದ ವೇಳೆ ಬೇರೆ ಎಂದು ಮೂವತ್ತು ವರ್ಷ ಜನರಿಗೆ ಪಾಠ ಹೇಳಿದವನು. ಟಿಕೆಟಿನ ಮೇಲೆ ಬರೆದದ್ದೇ ಕಾಯಿದೆ. ಮೊಬೈಲಿನ ಪುಟ ಯಾವನೋ ಖಾಲಿ ಕುಳಿತವನು ಬರೆದದ್ದು ಎಂದು ತೀರ್ಮಾನಿಸಿ ಅಳಿಸಿಹಾಕಿದೆ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಕೊಳ್ಳಲು ಹೋದಾಗ, ಪಾತ್ರೆ ಅಂಗಡಿಯ ಯಜಮಾನರು ಡಬ್ಬಿ ಯಾವ ಊರಿಗೆ ಎಂದು ಕೇಳಿದರು. ಹೇಳಿದೆ.

"ಎಷ್ಟ ತಾಸ್ರಿ ವಿಮಾನದಾಗ?"

"ಒಂದೂವರಿ."

"ಅಯ್ಯ, ಸನೇನ ಆತಲ್ರಿ! ನಮ್ಮ ಮಗಳ ಊರಿಗೆ ಮೂರು ತಾಸ ಬೇಕು, ಅದೂ ಎರಡ ಬಸ್ ಬದಲಿ ಮಾಡಿ. ಮಸ್ಕತ್ತಿನ ವರ ಯಾವುದರ ಇದ್ರ ಸಣ್ಣಾಕಿಗೆ ಹೇಳ್ರಿ."

ಡಬ್ಬಿ ಕೈಗಿಟ್ಟು, ಕಿರಿಮಗಳ ಫೋಟೋವನ್ನೂ ಮೊಬೈಲಿಗೆ ಕಳಿಸಿಯೇ ಬಿಟ್ಟರು. ನಾನೂ ಮಸ್ಕತ್ತಿಗೆ ನಿತ್ಯ ಹೋಗಿಬರುವವನಂತೆ ತಲೆಯಾಡಿಸಿದೆ.

ಹೊರಡುವ ಮುಂಜಾನೆ ನೀಲವ್ವನಿಗೆ ಲೆಕ್ಕ ಒಪ್ಪಿಸಿದೆ: ಆರಕ್ಕೆ ಕಾರು ಬಿಟ್ಟರೆ ಸಂಜೆ ಏಳಕ್ಕೆ ಮಸ್ಕತ್ತು, ಒಟ್ಟು ಹದಿಮೂರು ತಾಸು. ಅವಳು ತಣ್ಣಗಿನ ಹಾಲಿನಲ್ಲಿ ಅನ್ನ ಕಲಸಿ, ಹೆಪ್ಪಿನಲ್ಲಿ ತೋರುಬೆರಳ ತುದಿಯನ್ನಷ್ಟೇ ಅದ್ದಿ ಹಾಲಿಗೆ ಮುಟ್ಟಿಸಿದಳು. "ಇನ್ನೂ ತಾಸು ಹೆಚ್ಚ ಅಂದಿದ್ರ ಬೆರಳು ಝಾಡಸಿ ಮುಟ್ಟಸ್ತಿದ್ದೆ" ಎಂದಳು. ಅವಳ ಕಸುಬು ಅಷ್ಟು ಸೂಕ್ಷ್ಮ.

ಹೈದರಾಬಾದ್

ವಿಮಾನ ನಿಲ್ದಾಣದಲ್ಲಿ ಮೈ ಮತ್ತು ಚೀಲ ತಪಾಸಣೆ ಮಾಡುವ ಕಡೆ ಎಲ್ಲವನ್ನೂ ಟ್ರೇಯಲ್ಲಿಟ್ಟು ಯಂತ್ರದೊಳಗೆ ಬಿಡಬೇಕು. ಬೆಲ್ಟು ಬಿಟ್ಟೆ, ಗಡಿಯಾರ ಬಿಟ್ಟೆ. ನೀಲವ್ವ ಡಬ್ಬಿ ಬಿಡಲಿಲ್ಲ. ಮಂದಿಯ ಚಪ್ಪಲಿ ಹಾದುಹೋದ ಟ್ರೇಯಲ್ಲಿ ಬಸುರಿಯ ಬುತ್ತಿ ಇಡುವುದಿಲ್ಲ ಎಂದು ನಿಂತಳು. ಹಿಂದೆ ಸಾಲು ಬೆಳೆಯಿತು. ಕೊನೆಗೆ ತನ್ನ ಹೊಸ ಟವೆಲ್ ಟ್ರೇಗೆ ಹಾಸಿ, ಅದರ ಮೇಲೆ ಡಬ್ಬಿ ಇಟ್ಟು, ಯಂತ್ರದ ಆಚೆ ಬದಿಗೆ ಓಡಿ ಕೈಯೊಡ್ಡಿ ನಿಂತಳು.

ತಪಾಸಣೆಯ ಹೆಣ್ಣುಮಗಳು ಮುಚ್ಚಳ ತೆಗೆಸಿದಳು. ಶೇಂಗಾ ಚಟ್ನಿಯ ಪೊಟ್ಟಣದಲ್ಲಿ ಖಾರವಿದೆಯೆಂದು ಅದನ್ನು ತೆಗೆದಿಟ್ಟಳು. ಬುತ್ತಿಯ ವಾಸನೆ ನೋಡಿ ಹಿಂದಿಯಲ್ಲಿ ಕೇಳಿದಳು, ಇದು ಯಾರಿಗೆ ಎಂದು. ನೀಲವ್ವನಿಗೆ ಹಿಂದಿ ಬಾರದು. ಸೆರಗಿನ ಮೇಲೆ ಕೈಯಿಂದ ದೊಡ್ಡ ಹೊಟ್ಟೆ ಬರೆದು, ಏಳು ಬೆರಳು ತೋರಿಸಿದಳು. ಆ ಅಧಿಕಾರಿಣಿ ನಕ್ಕುಬಿಟ್ಟಳು. ಗಟ್ಟಿಯಾಗಿ ಕಲಸಿದ ಅನ್ನವೇ ತಾನೇ ಎಂದು ಹಿರಿಯರೊಬ್ಬರನ್ನು ಕೇಳಿ ಡಬ್ಬಿ ವಾಪಸು ಕೊಟ್ಟಳು.

"ಹ್ಯಾಂಗೈತಿ?" ಎಂದು ಮೆಲ್ಲಗೆ ಕೇಳಿದೆ.

"ಈಗರ ಹೆಪ್ಪು ಹಿಡಿಯಾಕತ್ತೈತಿ. ಏಳಕ್ಕ ಅಂದ್ರ ಏಳಕ್ಕ ಹದಾ ಬರ್ತೈತಿ" ಎಂದಳು. ಅವಳ ಮುಖದಲ್ಲಿ ಗೆಲುವಿತ್ತು. ನನಗೂ ಹೆಮ್ಮೆಯಾಯಿತು.

ಮೋಡದ ಮೇಲೆ

ವಿಮಾನ ಹತ್ತು ನಿಮಿಷ ತಡವಾಗಿ ಬಿಟ್ಟಿತು. ಮನಸ್ಸಿನಲ್ಲೇ ರಜಿಸ್ಟರಿಗೆ ಕೆಂಪು ಶಾಯಿ ಹಾಕಿದೆ. ನೀಲವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ನೋಡದೆ ಮುಚ್ಚಳದ ಕಡೆಯೇ ನೋಡುತ್ತ ಕುಳಿತಳು.

ನನ್ನ ಗಡಿಯಾರದಲ್ಲಿ ಏಳಾಯಿತು. ನಾನು ಎದ್ದು ಮೇಲಿನ ಕಪಾಟಿನಿಂದ ಚೀಲ ಇಳಿಸತೊಡಗಿದೆ. ಬೇರೆ ಯಾರೂ ಏಳಲಿಲ್ಲ. ಕೆಳಗೆ ಬರೀ ಸಮುದ್ರ. ಗಗನಸಖಿ ಓಡಿಬಂದು ಕುಳಿತುಕೊಳ್ಳಲು ಹೇಳಿದಳು. ಎಷ್ಟು ಲೇಟ್ ಎಂದು ಕೇಳಿದೆ. ವೇಳೆಗೆ ಸರಿಯಾಗಿದ್ದೇವೆ ಎಂದಳು. ಏಳು ಆಯಿತು, ಸಮುದ್ರದ ಮೇಲಿದ್ದೇವೆ, ವೇಳೆಗೆ ಸರಿ ಅನ್ನುತ್ತಾಳಲ್ಲ! ದೂರು ಪುಸ್ತಕ ಕೊಡಮ್ಮ ಎನ್ನುವವನಿದ್ದೆ. ಪಕ್ಕದ ಸೀಟಿನಲ್ಲಿದ್ದ, ಮಸ್ಕತ್ತಿನಲ್ಲಿ ಮನೆ ಕಟ್ಟುವ ಕಲಬುರಗಿಯ ಗೌಂಡಿಯೊಬ್ಬ ನನ್ನ ಮುಂಗೈ ಹಿಡಿದು ಕೂರಿಸಿದ.

"ಕಾಕಾ, ನಿಮ್ಮ ಗಡಿಯಾರ ಇನ್ನೂ ನಮ್ಮೂರಾಗೇ ಅದ. ಅಲ್ಲಿ ಒಂದೂವರಿ ತಾಸು ಹಿಂದ. ಈಗ ಅಲ್ಲಿ ಐದೂವರಿ. ಇನ್ನೂ ಒಂದೂವರಿ ತಾಸ ಹಾರಬೇಕು."

ಬಬಲೇಶ್ವರದಲ್ಲಿ ಬಿಟ್ಟ ಬಸ್ಸು ವಿಜಯಪುರ ಮುಟ್ಟುವಾಗ ಎರಡೂ ಕಡೆ ಒಂದೇ ಗಡಿಯಾರ. ಹೊರಟ ವೇಳೆ ಒಂದು ಊರಿನದು, ಮುಟ್ಟುವ ವೇಳೆ ಇನ್ನೊಂದು ಊರಿನದು ಎಂದು ಟಿಕೆಟಿನಲ್ಲಿ ಅಚ್ಚು ಹಾಕುತ್ತಾರೆಂದು ನನಗೆ ಯಾರು ಹೇಳಬೇಕಿತ್ತು? ಹಾರಲು ಮೂರು ತಾಸು ಬೇಕೆಂದು ಮೊಬೈಲಿನ ಆ ಪುಟವೇನೋ ಹೇಳಿತ್ತು. ಅದನ್ನು ನಾನೇ ಅಳಿಸಿದ್ದೆ.

"ಏನಂತ್ರಿ? ಯಾಕ ಇಳೀವಲ್ದು?" ನೀಲವ್ವ ಕೇಳಿದಳು.

"ನಿಲ್ದಾಣದಾಗ ಜಾಗಾ ಖಾಲಿ ಇಲ್ಲಂತ. ಸುತ್ತ ಹಾಕಾಕತ್ತೈತಿ" ಎಂದೆ. ಮದುವೆಯಾದ ಮೇಲೆ ತಾಸಿನ ಬಗ್ಗೆ ಅವಳಿಗೆ ಹೇಳಿದ ಮೊದಲ ಸುಳ್ಳು.

ಅವಳು ಡಬ್ಬಿಗೆ ಕಿವಿಹಚ್ಚಿದಳು. ಮೊಸರು ಹುಳಿಯಾಗುವುದು ಕೇಳಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೇನೋ ಕೇಳಿಸಿದಂತಿತ್ತು. ಉಳಿದ ಒಂದೂವರೆ ತಾಸು ನಾನು ಕಣ್ಣುಮುಚ್ಚಿ ನಿದ್ದೆ ಬಂದವನಂತೆ ಕುಳಿತೆ.

ಮಸ್ಕತ್

ಇಳಿದ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಹಾಕುವ ಸಾಲು ಬೇಗ ಸರಿಯಿತು, ಮನೆಯೂ ಹತ್ತಿರವೇ ಇತ್ತು. ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆಯೊಂದು ಮುಂದೆ ಬಂದಿತ್ತು, ಉಳಿದದ್ದೆಲ್ಲ ಸೊರಗಿತ್ತು. ನೀಲವ್ವ ಅವಳ ಗಲ್ಲ ಸವರಿ, ಸೀದಾ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದಳು. ಹಿಂದೆ ನಿಂತ ನನ್ನ ಮೂಗಿಗೂ ಗೊತ್ತಾಯಿತು. ಬೆರಳಿಂದ ಒಂದಗುಳು ತಿಂದು ನೋಡಿ, ಮುಚ್ಚಳ ಒತ್ತಿದಳು.

"ಹುಳಿ" ಎಂದಳು. ನನ್ನನ್ನು ಬೈಯದೆ ಇದ್ದಾಗ ಅವಳಿಗೆ ಬಹಳ ನೋವಾಗಿದೆ ಎಂದರ್ಥ.

ಹೊರಗೆ ಬಂದು ಸುವರ್ಣಾಳಿಗೆ, "ಇದು ಹಾದ್ಯಾಗ ಕೆಟ್ಟೈತಿ ಬೇ. ನಿನಗ ನಾಳೆ ಹೊಸಾದು ಮಾಡ್ತೇನಿ" ಎಂದಳು. ಹುಡುಗಿ ಡಬ್ಬಿಯ ಕಡೆ ನೋಡಿ ತಲೆಯಾಡಿಸಿದಳು. ಮಲ್ಲಿಕಾರ್ಜುನ ಏನು ಕಂಡರೂ ಫ್ರಿಜ್ಜಿಗೆ ತುಂಬುವ ಕಸುಬಿನವನು, ಡಬ್ಬಿಯನ್ನೂ ಒಳಗಿಟ್ಟ. ನಾಳೆ ಚೆಲ್ಲಿದರಾಯಿತು ಎಂದು ನಾವು ಮಲಗಿದೆವು.

ಮರುದಿನ ಬೆಳಿಗ್ಗೆ ನಾನೂ ನೀಲವ್ವನೂ ಹಾಲು, ಮೊಸರು ತರಲು ಹೊರಟೆವು. ಊರೆಲ್ಲ ಬಿಳಿ ಮನೆಗಳು, ಹಿಂದೆ ಒಂದು ಹುಲ್ಲುಕಡ್ಡಿಯಿಲ್ಲದ ಕಂದು ಗುಡ್ಡಗಳು. "ಇಷ್ಟ ಕಲ್ಲ ಇಟ್ಕೊಂಡು ಇವ್ರು ನಮ್ಮ ವಿಜಯಪುರದಂಥಾ ಒಂದ ಗುಮ್ಮಟಾನೂ ಕಟ್ಟಿಲ್ಲಲ್ರಿ" ಎಂದು ನೀಲವ್ವ ಆಕ್ಷೇಪಿಸಿದಳು. ರಸ್ತೆ ದಾಟಲು ನಿಂತೆವು. ದೊಡ್ಡ ಕಾರೊಂದು ಬಂತು. ಅದು ಹೋಗಲಿ ಎಂದು ನಾವು ನಿಂತೆವು. ನಾವು ಹೋಗಲಿ ಎಂದು ಅದೂ ನಿಂತಿತು. ಒಳಗಿನವ ಕೈಸನ್ನೆ ಮಾಡಿದ, ನಾನೂ ಮಾಡಿದೆ. ಹಿಂದೆ ಆರು ಕಾರು ನಿಂತವು, ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ವಿಜಯಪುರದಲ್ಲಿ ಕಾರು ನಿಂತಿತೆಂದರೆ ಡ್ರೈವರ್ ಇಳಿದು ಬೈಯಲು ಬರುತ್ತಿದ್ದಾನೆ ಎಂದು ಅರ್ಥ. ಹೀಗಾಗಿ ನೀಲವ್ವ ಹಿಂದಕ್ಕೆ ಓಡಿದಳು. ಕೊನೆಗೆ ಬಿಳಿ ನಿಲುವಂಗಿಯ ಆ ಮನುಷ್ಯ ಇಳಿದೇ ಬಂದ, ನಮ್ಮಿಬ್ಬರನ್ನೂ ರಸ್ತೆ ದಾಟಿಸಿ, ಎದೆಯ ಮೇಲೆ ಕೈಯಿಟ್ಟು ವಂದಿಸಿ ಹೋದ.

ಹಿಂತಿರುಗುವಾಗ ಪಕ್ಕದ ಮನೆಯ ಅಜ್ಜಿ ಒಳಗೆ ಕರೆದಳು. ಹಿತ್ತಾಳೆಯ ಹೂಜಿಯಿಂದ ಚಿಕ್ಕ ಬಟ್ಟಲಿಗೆ ಏಲಕ್ಕಿಯ ಕಾಫಿ ಸುರಿದಳು, ಜೊತೆಗೆ ಖರ್ಜೂರ. ನಾನು ಕುಡಿದು ಬಟ್ಟಲು ಚಾಚಿದೆ, ಮತ್ತೆ ಸುರಿದಳು. ಮನೆಗೆ ಬಂದವರು ಬಟ್ಟಲು ಖಾಲಿ ಮಾಡಿ ಕೊಡುವುದು ನಮ್ಮ ಕಡೆ ಮರ್ಯಾದೆ. ಹೀಗೆ ಒಂಬತ್ತು ಬಟ್ಟಲಾಯಿತು. ಸಾಕೆನ್ನಲು ಬಟ್ಟಲನ್ನು ಆಚೀಚೆ ಅಲ್ಲಾಡಿಸಿ ಕೊಡಬೇಕಂತೆ. ಅದು ನನಗೆ ತಿಳಿದದ್ದು ಬಟ್ಟಲು ನನ್ನ ಕೈಯಲ್ಲಿ ತಾನಾಗಿ ನಡುಗತೊಡಗಿದಾಗ, ಅಜ್ಜಿ ಸುರಿಯುವುದನ್ನು ನಿಲ್ಲಿಸಿದ್ದರಿಂದ.

ಅವಳಿಗೆ ಹಿಂದಿ ಬರುತ್ತಿತ್ತು. ಊರು ಎಷ್ಟು ದೂರ ಎಂದು ಕೇಳಿದಳು. ನಾನು ಮೂರು ತಾಸು ಎಂದೆ. ತನ್ನ ಅಪ್ಪ ಹಾಯಿ ಹಡಗಿನಲ್ಲಿ ಮುಂಬಯಿಗೆ ಖರ್ಜೂರ ಒಯ್ಯುತ್ತಿದ್ದ, ಗಾಳಿ ಬೀಸಿದರೆ ಇಂತಿಷ್ಟು ದಿನ, ನಿಂತರೆ ದೇವರೇ ಬಲ್ಲ ಎಂದಳು. ನಾನು ಹೇಳಿದ್ದನ್ನೂ ಅಜ್ಜಿ ಹೇಳಿದ್ದನ್ನೂ ನೀಲವ್ವನಿಗೆ ಕನ್ನಡದಲ್ಲಿ ತಿಳಿಸಿದೆ.

"ಖರ್ಜೂರಕ್ಕೇನ್ರಿ, ವರ್ಷಗಟ್ಲೆ ಇರ್ತಾವು. ಮೊಸರಬುತ್ತಿ ಒಯ್ಯಂತ ಹೇಳಬೇಕಿತ್ತು ಅವರಪ್ಪಗ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಮೂರು ತಾಸು ಅಂದ್ರೇನು ಈಗ?"

ಸಿಕ್ಕಿಬಿದ್ದೆ. ಅಜ್ಜಿಯ ಎದುರಿಗೇ ಎಲ್ಲ ಒಪ್ಪಿಕೊಂಡೆ: ಎರಡು ಗಡಿಯಾರ, ಅಳಿಸಿದ ಪುಟ, ಸುತ್ತು ಹಾಕಿದ ಸುಳ್ಳು. ನೀಲವ್ವನ ಕಣ್ಣಲ್ಲಿ ನೀರು ಬಂತು.

"ನನ್ನ ಕೈ ತಪ್ಪೇತಿ ಅಂತ ರಾತ್ರಿಯೆಲ್ಲಾ ಮನಸಿಗೆ ಹಚ್ಕೊಂಡೇನ್ರಿ. ಒಂದೂವರಿ ತಾಸು! ಆ ಕೂಸು ಬಾಯಿಬಿಟ್ಟ ಕೇಳಿದ್ದು ಅದೊಂದ. ಅಕ್ಕ ಮ್ಯಾಲಿಂದ ಏನ್ ಅಂತಿದ್ದಾಳು?"

ಅಜ್ಜಿ ಏನು ತಿಳಿದುಕೊಂಡಳೋ, ನನ್ನ ಖರ್ಜೂರದ ತಟ್ಟೆಯನ್ನು ನೀಲವ್ವನ ಮುಂದೆ ಸರಿಸಿದಳು.

ಅಡುಗೆಮನೆ

ಮನೆಗೆ ಬಂದರೆ ಮಲ್ಲಿಕಾರ್ಜುನ ಅಡುಗೆಮನೆಯ ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದ.

"ಅತ್ತಿ, ನೋಡ್ರಿ ಇಕಿನ್ನ. ಬ್ಯಾಡಂದ್ರ ಕೇಳವಲ್ಲಳು."

ಸುವರ್ಣಾ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಕೈ ಮೊಣಕೈವರೆಗೆ ಬುತ್ತಿ ಮೆತ್ತಿತ್ತು. ಅರ್ಧ ಡಬ್ಬಿ ಖಾಲಿ.

"ಬ್ಯಾಡ ಬೇ, ಅದು ಹುಳಿ ಆಗೈತಿ, ಇಡು!" ನೀಲವ್ವ ಕೈಚೀಲ ಅಲ್ಲೇ ಬಿಟ್ಟು ಓಡಿದಳು.

"ಹುಳಿ ಐತಂತನ ಉಣ್ಣಾಕತ್ತೇನಿ ಅತ್ತಿ." ಸುವರ್ಣಾ ಡಬ್ಬಿಯನ್ನು ಎದೆಗೆ ಎಳೆದುಕೊಂಡಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಅವ್ವ ಹಾಸ್ಟೆಲಿಗೆ ತರತಿದ್ದ ಬುತ್ತಿ ಹಿಂಗ ಇರತಿತ್ತು. ಇಷ್ಟ ಹುಳಿ. ಇಲ್ಲಿ ನಾ ಎಷ್ಟ ಸಲ ಮಾಡ್ಕೊಂಡ್ರೂ ಈ ರುಚಿ ಬರವಲ್ದಾಗಿತ್ತು. ಒಮ್ಮಿ ಕೇಳಿದ್ದೆ ಅವ್ವಗ, ಯಾಕ ನಿನ್ನ ಬುತ್ತಿ ಯಾವಾಗ್ಲೂ ಹುಳಿ ಅಂತ. ಏನಂದ್ಲು ಗೊತ್ತೈತೇನು ಮಾಮಾ?"

"ಏನಂದ್ಲು?"

"ನಾ ಏನ ಮಾಡ್ಲಿ, ಬಬಲೇಶ್ವರದಾಗ ನಿಮ್ಮ ಮಾಮಾ ಬಸ್ ಲಗೂನ ಬಿಡಂಗಿಲ್ಲ ಅಂದ್ಲು."

ನಾನು ಬಿಡುವುದಿಲ್ಲವೇ! ನನ್ನ ಸೇವೆಯಲ್ಲಿ ಯಾರೂ ಹಾಕದ ಆರೋಪ ಅದು. ಉತ್ತರ ಕೊಡಲು ಬಾಯಿ ತೆರೆದವನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡು ಬಸ್ಸು ಬಿಟ್ಟರೆ ಒಂದೊಂದೂವರೆ ತಾಸು. ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು ಅಕ್ಕ ಆ ಬೆಂಚಿನ ಮೇಲೆ ಕೂಡುತ್ತಿದ್ದುದು ಅಷ್ಟೇ ಹೊತ್ತು. ಉಂಡೆಯೇನೋ, ಬಿ.ಪಿ. ಗುಳಿಗೆ ತಗೊಂಡೆಯೇನೋ, ಯಾಕೆ ಸೊರಗಿದಿಯೋ ಎಂದು ಕೇಳುತ್ತಿದ್ದಳು. ನಾನು ರಜಿಸ್ಟರಿನಿಂದ ತಲೆಯೆತ್ತದೆ ಹೂಂ ಅನ್ನುತ್ತಿದ್ದೆ.

ನೀಲವ್ವ ಸುವರ್ಣಾಳ ಪಕ್ಕದಲ್ಲಿ ನೆಲಕ್ಕೆ ಕುಳಿತು, ಡಬ್ಬಿಗೆ ಕೈ ಹಾಕಿ ಒಂದು ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಆ ತುತ್ತೂ ಅವಳ ಹೊಟ್ಟೆಯಲ್ಲಿ ನಿಂತಿತು. ಸಂಜೆ ಹಸಿರು ಬಳೆ ಇಡಿಸಿ ಉಡಿ ತುಂಬಿದೆವು. ಪಕ್ಕದ ಮನೆಯ ಅಜ್ಜಿಯೂ ಬಂದು ಉಡಿಯಲ್ಲಿ ಒಂದು ಹಿಡಿ ಖರ್ಜೂರ ಹಾಕಿ, ಭಾವನಿಗೆಂದು ಇನ್ನೊಂದು ಪೊಟ್ಟಣ ಕೊಟ್ಟಳು.

ಬಬಲೇಶ್ವರ

ವಾಪಸು ಬರುವ ಟಿಕೆಟಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಮಧ್ಯಾಹ್ನ ಎರಡೂವರೆಗೆ ಹೈದರಾಬಾದ್ ಎಂದಿತ್ತು. ನೀಲವ್ವ ಬೆರಳು ಮಡಚಿ ಎಣಿಸಿದಳು. "ಹೋಗೂ ಮುಂದ ಒಂದೂವರಿ, ಬರೂ ಮುಂದ ನಾಕೂವರಿ. ಯಾಕ್ರಿ, ಬರೂ ಮುಂದ ಏರು ಐತೇನು?" ವಿಮಾನದಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ ಇದನ್ನೇ ಹೇಳಿ ನನ್ನ ಮೂವತ್ತು ವರ್ಷದ ಸೇವೆಯನ್ನು ನೀರುಪಾಲು ಮಾಡಿದಳು.

ಊರಿಗೆ ಬಂದ ನಾಲ್ಕನೆಯ ದಿನ ಭಾವನಿಗೆ ಖರ್ಜೂರ ಕೊಡಲು ಮಮದಾಪುರಕ್ಕೆ ಹೊರಟೆವು. ಅವನು ಕುರಿ ಕಾಯುವ ಕಡೆ ಉಣ್ಣಲಿ ಎಂದು ನೀಲವ್ವ ಬುತ್ತಿಯನ್ನೂ ಕಟ್ಟಿದ್ದಳು. ಬಬಲೇಶ್ವರದಲ್ಲಿ ಬಸ್ಸು ಬದಲಿಸಬೇಕು. ನನ್ನ ಹಳೆಯ ಖೋಲಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಒಳಗಿನ ಕಂಟ್ರೋಲರ್ ತರುಣ, ನನ್ನನ್ನು ಗುರುತಿಸಿ ನಮಸ್ಕಾರ ಮಾಡಿದ. ಮುಂದಿನ ಬೆಂಚು ಮಾತ್ರ ಅದೇ. ಕುಳಿತೆವು. ನೀಲವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮಮದಾಪುರದ ಬಸ್ಸು ಬಂತು. ಜನ ಹತ್ತಿದರು. ತರುಣ ಸೀಟಿ ಊದಿದ. ನಾನು ಏಳಲಿಲ್ಲ, ನೀಲವ್ವ ನನ್ನ ಮುಖ ನೋಡಿ ತಾನೂ ಏಳಲಿಲ್ಲ.

"ಸಾಹೇಬ್ರ, ಬಸ್ ಹೊಂಟೈತ್ರಿ, ಹತ್ರಿ!" ಎಂದು ತರುಣ ಕೂಗಿದ.

"ಹೋಗಲಿ ಬಿಡೋ ತಮ್ಮಾ" ಎಂದೆ. "ಮುಂದಿನದಕ್ಕ ಹೋಗ್ತೇವಿ."